ಸಿಯಾನ್ ಅಂದರೆ ಸಿಬರು

ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಅಂತ ನನ್ನ ಹೆಂಡತಿ ಕೇಳುತ್ತಿರುತ್ತಾಳೆ. ಬಡಗಿಯ ಕೈಗೆ ಉಳಿ ತಾಗುತ್ತದೆ, ಅಡುಗೆಯವನ ಕೈಗೆ ಎಣ್ಣೆ ಸಿಡಿಯುತ್ತದೆ. ನನ್ನದು ಮಾತಿನ ಕಸುಬು, ಅದು ವಾರಕ್ಕೊಮ್ಮೆಯಾದರೂ ನನಗೇ ಬಡಿಯುತ್ತದೆ.

ಕೊಪ್ಪಳದ ಒಂದು ದವಾಖಾನೆಯಲ್ಲಿ ನಾನು ಆಪ್ತಸಮಾಲೋಚಕ. ಗುಟಕಾ, ಬೀಡಿ, ತಂಬಾಕು ಬಿಡಬೇಕು ಅನ್ನುವವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ತಾವಾಗಿ ಬರುವವರು ಕಡಿಮೆ, ಹೆಂಡತಿ ರಟ್ಟೆ ಹಿಡಿದು ಎಳೆತಂದವರು ಹೆಚ್ಚು. 'ಆಪ್ತಸಮಾಲೋಚಕ' ಅಂತ ಒಂದೇ ಉಸಿರಿಗೆ ಹೇಳುವ ಶಕ್ತಿ ನಮ್ಮ ಕಡೆ ಯಾರಿಗೂ ಇಲ್ಲದ್ದರಿಂದ ಎಲ್ಲರಿಗೂ ನಾನು 'ತಂಬಾಕು ಸರ್'. ಗೇಟಿನ ವಾಚ್‌ಮನ್ ಅಂತೂ "ತಂಬಾಕೇನ್ರಿ? ಎಡಕ್ಕ ಮೂರನೇ ರೂಮು" ಅಂತ ದಾರಿ ತೋರಿಸುತ್ತಾನೆ. ಹಾಗೆ ಬಂದವರಲ್ಲಿ ಕೆಲವರು ನಿಜಕ್ಕೂ ತಂಬಾಕು ಸಿಗುವ ಆಸೆಯಿಂದ ಬಂದಿರುತ್ತಾರೆ.

ಹಿಂತೆಗೆತ

ಚಟ ಬಿಟ್ಟ ಮೊದಲ ದಿನಗಳಲ್ಲಿ ಕೈ ನಡುಗುವುದು, ಸಿಟ್ಟು ಬರುವುದು, ನಿದ್ದೆ ಹಾರಿಹೋಗುವುದು ಇದ್ದದ್ದೇ. ಡಾಕ್ಟರುಗಳು ಇದಕ್ಕೆ ವಿತ್‌ಡ್ರಾವಲ್ ಅನ್ನುತ್ತಾರೆ. ಮೇಲಿನವರು ಅದನ್ನು ಕನ್ನಡಕ್ಕೆ ತಂದು ಒಂದು ಬೋರ್ಡು ಬರೆಸಿ ಕಳಿಸಿದರು: 'ಹಿಂತೆಗೆತಕ್ಕೆ ಹೆದರಬೇಡಿ. ಮಾಹಿತಿ ಇಲ್ಲಿ ದೊರೆಯುತ್ತದೆ.' ನಾನು ಅದನ್ನು ಬಾಗಿಲಿಗೆ ತೂಗುಹಾಕಿದೆ.

ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕುವ, ಹಿಂದೆ ತೆಗೆಯುವ ದಿನಗಳು. ದವಾಖಾನೆಯಲ್ಲಿದ್ದ ಬೀಗರನ್ನು ನೋಡಲು ಬಂದ ಯಲಬುರ್ಗಾ ಕಡೆಯ ಒಬ್ಬ ಗೃಹಸ್ಥ, ಬಿಳಿ ಅಂಗಿ, ಹಿಂದೆ ಇಬ್ಬರು ಬೆಂಬಲಿಗರು, ಬೋರ್ಡು ಓದಿ ಒಳಗೆ ಬಂದ.

"ಹಿಂತೆಗೆತ ಇಲ್ಲೇನ್ರಿ ಸರ್?"

ತಾನಾಗಿ ನಡೆದು ಬಂದ ಮನುಷ್ಯ! ನಾನು ಎದ್ದು ಕುರ್ಚಿ ಕೊಟ್ಟೆ. "ಇಲ್ಲೇ ಬರ್ರಿ, ಕುಂದರ್ರಿ. ಮೊದಲನೇ ಸಲ ಏನ್ರಿ?"

"ಹೌದ್ರಿ, ಇದ ಮೊದಲನೇ ಸಲ ನಿಂತೀನಿ."

ಬಿಡಲು ಗಟ್ಟಿಯಾಗಿ ನಿಂತಿದ್ದಾನೆ ಅಂದುಕೊಂಡೆ. "ಭಾಳ ಛಲೋ ಆತು. ಮನ್ಯಾಗ ಏನಂತಾರ?"

"ಮನ್ಯಾಗ ಇದೆಲ್ಲಾ ಬ್ಯಾಡ ಅಂತ ಅಳಾಕತ್ತಾರ್ರಿ. ಅದಕ್ಕ ಹಿಂದ ತಗೊಂಡ್ರ ಹೆಂಗ ಅಂತ ಬಂದೀನಿ."

"ಹಿಂದ ತಗೊಂಡ ಮ್ಯಾಲೆ ಮೊದಲ ಮೂರು ದಿನ ತ್ರಾಸ ಆಗ್ತೈತ್ರಿ. ಕೈ ನಡುಗ್ತಾವ. ನಿದ್ದಿ ಬರಂಗಿಲ್ಲ. ಸುಮ್‌ಸುಮ್ನ ಮಂದಿ ಮ್ಯಾಲೆ ಹರಿಹಾಯ್ತೀರಿ. ತಲಿ ಸಿಡೀತೈತಿ."

ಅವನ ಮುಖ ಬಿಳಿಚಿಕೊಂಡಿತು. ಬೆಂಬಲಿಗರ ಕಡೆ ತಿರುಗಿ ನೋಡಿದ. "ಇಷ್ಟೆಲ್ಲಾ ಆಗೂದಿದ್ರ ಬ್ಯಾಡೇ ಬ್ಯಾಡ್ರಿ. ನಾ ನಿಂತೇಬಿಡ್ತೀನಿ!" ಅಂದವನೇ ಎದ್ದು ಹೋದ.

ನಿಂತ, ಗೆದ್ದೂ ಬಿಟ್ಟ. ಈಗ ಎಲ್ಲಿ ಸಿಕ್ಕರೂ "ಆವತ್ತು ನೀವು ಹೇಳಿದ್ದಕ್ಕ ಧೈರ್ಯ ಬಂತ್ರಿ ಸರ್" ಅಂತ ಕೈ ಮುಗಿಯುತ್ತಾನೆ. ಬಾಯಲ್ಲಿರುವ ಗುಟಕಾ ಚೆಲ್ಲದಂತೆ ಗದ್ದ ಮೇಲೆತ್ತಿಕೊಂಡೇ ಮುಗಿಯುತ್ತಾನೆ.

ದೇವರ ಜಗಲಿಯ ಡಬ್ಬಿ

ಊರವರ ಮಾತು ಬಿಡಿ, ನನ್ನ ನಿಜವಾದ ಪರೀಕ್ಷೆ ಹನುಮನಹಳ್ಳಿಯಲ್ಲಿದೆ. ಅಂದರೆ ನನ್ನ ಅತ್ತೆ.

ಅತ್ತೆಗೆ ಅಲ್ಲಿ ಒಂದು ಸಣ್ಣ ಖಾನಾವಳಿ, ಹಿಂದೆ ಪ್ರವಾಸಿಗರಿಗೆ ಕೊಡುವ ನಾಲ್ಕು ಕೋಣೆ. ಅಂಜನಾದ್ರಿ ಹತ್ತಿ ಇಳಿದವರೆಲ್ಲ ಅವರ ಕೈ ರೊಟ್ಟಿ ತಿಂದೇ ಮುಂದೆ ಹೋಗುತ್ತಾರೆ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲೂ ಗಟ್ಟಿ ಜೀವ. ಆದರೆ ನಲವತ್ತು ವರ್ಷದಿಂದ ಎಡಗೆನ್ನೆಯಲ್ಲಿ ತಂಬಾಕು. ಈಚೆಗೆ ಅದೇ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ನಮ್ಮ ದವಾಖಾನೆಯ ಹಲ್ಲಿನ ಡಾಕ್ಟರಮ್ಮ ಟಾರ್ಚು ಹಾಕಿ ನೋಡಿ ನೇರವಾಗಿಯೇ ಹೇಳಿದರು: "ಎರಡು ತಿಂಗಳು ಪೂರ್ತಿ ಬಿಡ್ರಿ. ಮಚ್ಚಿ ಕರಗಿದ್ರ ಚಿಂತಿಲ್ಲ. ಕರಗಲಿಲ್ಲ ಅಂದ್ರ ಒಂದು ಚೂರು ಕತ್ತರಿಸಿ ಪರೀಕ್ಷಾಕ್ಕ ಕಳಸಬೇಕಾಗ್ತೈತಿ. ಆಮ್ಯಾಲಿನ ಮಾತು ನಾ ಈಗ ಆಡಂಗಿಲ್ಲ."

ಆಡದ ಆ ಮಾತು ನಮ್ಮೆಲ್ಲರ ಎದೆಯಲ್ಲಿ ಕೂತಿತು. ಹೆಂಡತಿ ಮನೆಗೆ ಬಂದು ಅತ್ತಳು. "ಊರಿಗೆಲ್ಲಾ ಬಿಡಸ್ತೀರಿ, ನಮ್ಮವ್ವಗ ಬಿಡಸ್ರಿ ನೋಡೂಣು" ಅಂದಳು. ಊರಿಗೂ ನಾನು ಅಷ್ಟೇನೂ ಬಿಡಿಸಿಲ್ಲ ಅನ್ನುವ ಸತ್ಯ ಹೇಳುವ ಹೊತ್ತು ಅದಾಗಿರಲಿಲ್ಲ.

ಪ್ರತಿ ಭಾನುವಾರ ಹನುಮನಹಳ್ಳಿಗೆ ಹೋಗತೊಡಗಿದೆ. ಬಾಯಿ ಹುಣ್ಣಿನ ಚಿತ್ರ ತೋರಿಸಿದೆ, ಲೆಕ್ಚರು ಕೊಟ್ಟೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿ "ಬಿಟ್ಟೀನ್ರಿ ಅಳಿಯಾರ, ಆವತ್ತ ಬಿಟ್ಟೀನಿ" ಅನ್ನುತ್ತಿದ್ದರು. ಒಂದು ಭಾನುವಾರ ಸ್ನಾನ ಮುಗಿಸಿ ದೇವರ ಜಗಲಿಗೆ ಹೋದೆ. ವಿಭೂತಿ ಡಬ್ಬಿ ತೆಗೆದು, ಬೆರಳು ಒದ್ದೆ ಮಾಡಿ, ಹಣೆಗೆ ಮೂರು ಪಟ್ಟೆ ಎಳೆದುಕೊಂಡೆ. ಭುಜಕ್ಕೂ ಹಚ್ಚಿಕೊಂಡೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಐದು ನಿಮಿಷಕ್ಕೆ ಹಣೆ ಚುರುಚುರು. ಹತ್ತು ನಿಮಿಷಕ್ಕೆ ಭಗಭಗ. ಬಚ್ಚಲಿಗೆ ಓಡಿ ತೊಳೆದುಕೊಂಡರೆ ಹಣೆಯ ಮೇಲೆ ಮೂರು ಕೆಂಪು ಪಟ್ಟೆ ಎದ್ದಿದ್ದವು.

ಡಬ್ಬಿಯಲ್ಲಿದ್ದದ್ದು ಒಣಗಿದ ಸುಣ್ಣ. ತಂಬಾಕಿಗೆ ತಿಕ್ಕುವ ಸುಣ್ಣ. ಅಳಿಯ ದೇವರ ಜಗಲಿಯಲ್ಲಿ ಹುಡುಕುವುದಿಲ್ಲ ಅಂತ ಅಲ್ಲಿ ಅಡಗಿಸಿದ್ದರು.

"ಅತ್ತಿಯವ್ರ, ನೀವು ನೋಡಾಕತ್ತಿದ್ರಲ್ರಿ! ಒಂದ ಮಾತು ಹೇಳಬಾರದಾಗಿತ್ತೇನು?"

"ಹೇಳಿದ್ರ ಸಿಕ್ಕಿ ಬೀಳ್ತಿದ್ನಲ್ರಿ" ಅಂದರು ಅತ್ತೆ.

ಲಾಂಗ್ ಡೇಂಗ್

ಮರುವಾರ ಬೆಳಗ್ಗೆಯೇ ಅತ್ತೆಯ ಫೋನು. ಹಿಂದಿನ ಕೋಣೆಯಲ್ಲಿ ಥಾಯ್ಲೆಂಡಿನ ಒಬ್ಬ ಹುಡುಗಿ ಇಳಿದಿದ್ದಳು. ಹಗ್ಗ ಇಲ್ಲದೆ ದೊಡ್ಡ ದೊಡ್ಡ ಬಂಡೆ ಹತ್ತುವ ಹುಚ್ಚು ಅವಳಿಗೆ, ಆನೆಗೊಂದಿ ಸುತ್ತಮುತ್ತ ಬಂಡೆಗಳಿಗೇನು ಬರ?

"ಅಳಿಯಾರ, ಆ ಹುಡುಗಿಗೆ ಆರಾಮಿಲ್ಲ ನೋಡ್ರಿ. ಊಟದ ತಾಟು ದೂರ ಸರಿಸ್ಯಾಳ. ಹೊಟ್ಟಿ ಹಿಡ್ಕೊಂಡು ಲಾಂಗ್ ಡೇಂಗ್, ಲಾಂಗ್ ಡೇಂಗ್ ಅಂತಾಳ."

ನಾನು ಎಷ್ಟಾದರೂ ಆರೋಗ್ಯ ಇಲಾಖೆಯ ಅನ್ನ ಉಂಡವನು. ಡೇಂಗ್ ಅಂದ ಕೂಡಲೇ ಕಿವಿಗೆ ಡೆಂಗಿ ಅಂತಲೇ ಬಿತ್ತು. ಅದೂ ಲಾಂಗ್! ಬರೀ ಡೆಂಗಿಗೇ ಮಂದಿ ಹೈರಾಣಾಗುತ್ತಾರೆ, ಇದು ಉದ್ದನೆಯದಂತೆ. ಅತ್ತೆಗೆ "ಸೊಳ್ಳಿ ಪರದೆ ಕಟ್ರಿ, ಆಕೀನ್ನ ಹೊರಗ ಬಿಡಬ್ಯಾಡ್ರಿ" ಅಂತ ಹೇಳಿ, ಗಂಗಾವತಿಯಲ್ಲಿರುವ ಆರೋಗ್ಯ ನಿರೀಕ್ಷಕ ಗೆಳೆಯನಿಗೆ ಫೋನು ಹಚ್ಚಿದೆ. ರಜೆ ಬರೆದು ಬಸ್ಸು ಹತ್ತಿದೆ.

ನಾನು ತಲುಪುವಷ್ಟರಲ್ಲಿ ಗೆಳೆಯ ತನ್ನ ಕರ್ತವ್ಯ ಮಾಡಿ ಮುಗಿಸಿದ್ದ. ಓಣಿ ತುಂಬ ಸೊಳ್ಳೆ ಹೊಗೆ. ಆಶಾ ಕಾರ್ಯಕರ್ತೆ ಮನೆಮನೆಗೆ ನುಗ್ಗಿ ಕೊಡ, ಹಂಡೆ, ತೊಟ್ಟಿ ಎಲ್ಲ ಬೋರಲು ಹಾಕಿಸಿದ್ದಳು. ಎರಡು ದಿನದ ಹಿಂದೆ ಬಂದ ನೀರನ್ನೇ ತುಂಬಿಟ್ಟುಕೊಂಡಿದ್ದ ಓಣಿಯ ಹೆಂಗಸರು ಅತ್ತೆಯ ಖಾನಾವಳಿ ಮುಂದೆ ಸೇರಿ ಅಳಿಯನ ಹೆಸರು ಹಿಡಿದು ಮಂಗಳಾರತಿ ಎತ್ತುತ್ತಿದ್ದರು. ಒಳಗೆ ಸೊಳ್ಳೆ ಪರದೆಯೊಳಗೆ ಆ ಹುಡುಗಿ ಕೂತಿದ್ದಳು, ಮೂಗಿಗೆ ಒದ್ದೆ ಟವೆಲು.

"ಜ್ವರ ಎಷ್ಟು ದಿನದಿಂದ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ.

"ಜ್ವರ ಇಲ್ಲ."

"ಮೈಕೈ ನೋವು?"

"ಇಲ್ಲ. ನೀವೆಲ್ಲ ಯಾಕೆ ಹೊಗೆ ಹಾಕುತ್ತಿದ್ದೀರಿ?"

"ನೀನೇ ಹೇಳಿದೆಯಂತಲ್ಲ, ಲಾಂಗ್ ಡೇಂಗ್ ಅಂತ?"

ಹುಡುಗಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಪರದೆಯೊಳಗೇ ಬಿದ್ದು ಬಿದ್ದು ನಗತೊಡಗಿದಳು. ಅದು ರೋಗವಲ್ಲವಂತೆ, ಅವರ ಕಡೆಯ ಹುಡುಗ ಹುಡುಗಿಯರ ಆಡುಮಾತಂತೆ. ಯಾವುದೋ ಒಂದು ಪದಾರ್ಥ ಸಿಗದೆ ಜೀವ ಹಪಹಪಿಸಿದರೆ ಲಾಂಗ್ ಡೇಂಗ್ ಆಗಿದೆ ಅನ್ನುವುದು. ನಮ್ಮ ಕಡೆ ಚಟದ ಸೆಳೆತಕ್ಕೆ ಹೇಳುವ ತಲಬು, ಅದು ತಲೆಗೇರಿದ ಸ್ಥಿತಿ. ಅವಳಿಗೆ ಬೇಕಾಗಿದ್ದದ್ದು ಹಸಿ ಪಪ್ಪಾಯಿಯನ್ನು ಮೆಣಸಿನಕಾಯಿ ಹಾಕಿ ಕುಟ್ಟಿದ ಅವರೂರಿನ ಖಾರದ ತಿನಿಸು. ಹನ್ನೊಂದು ದಿನ ಸಪ್ಪೆ ಬೇಳೆ ಸಾರು ಉಂಡು ಸಾಕಾಗಿತ್ತು. ವಿದೇಶದವರು ಖಾರ ತಡೆಯುವುದಿಲ್ಲ ಅಂತ ಅತ್ತೆ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಸಪ್ಪೆ ಮಾಡುತ್ತಿದ್ದರು.

ನಿರೀಕ್ಷಕ ಗೆಳೆಯ ಹೊಗೆ ಯಂತ್ರ ಕೆಳಗಿಟ್ಟು ಹಣೆ ಒರೆಸಿಕೊಂಡ. "ಅಲ್ಲೋ ಮಾರಾಯಾ, ನಾ ಈಗ ವರದಿ ಏನಂತ ಬರೀಲಿ?"

ಕೊನೆಗೆ ಅವನು ಬರೆದದ್ದು ಇಷ್ಟು: 'ಸೊಳ್ಳೆ ಕಂಡುಬಂದಿಲ್ಲ. ಪಪ್ಪಾಯಿ ಕೊರತೆ.'

ಕೆಂಪು ಮತ್ತು ಸಿಬರು

ಹೊಗೆ ಕರಗಿದ ಮೇಲೆ ಅತ್ತೆ ಒಳಗಿನಿಂದ ರಂಜಕದ ಭರಣಿ ತಂದರು. ಕೆಂಪು ಹಣ್ಣು ಮೆಣಸಿನಕಾಯಿ ರುಬ್ಬಿ ಹುಳಿ ಬರಿಸಿದ ನಮ್ಮ ರಂಜಕ, ಹೊಸಬರು ತಿಂದರೆ ಕಿವಿಯಲ್ಲಿ ಗಾಳಿ ಬರುತ್ತದೆ. ಹುಡುಗಿ ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದಳು. ಕಣ್ಣು ಮುಚ್ಚಿದಳು. ಮತ್ತೊಂದು ತುತ್ತು. ಆಮೇಲೆ ರೊಟ್ಟಿ ಬಿಟ್ಟು ಬೆರಳಲ್ಲೇ ಬಳಿದು ತಿಂದಳು. ಭರಣಿ ತೋರಿಸಿ "ಡೇಂಗ್! ಡೇಂಗ್!" ಅಂದಳು.

ಅವರ ಭಾಷೆಯಲ್ಲಿ ಡೇಂಗ್ ಅಂದರೆ ಕೆಂಪು, ಲಾಂಗ್ ಅಂದರೆ ಇಳಿಯುವುದು. ಹಿಂದೆ ಅಫೀಮು ತಿನ್ನುವವರಿಗೆ ಅದು ಸಿಗದೇ ಹೋದಾಗ ಹೊಟ್ಟೆ ಕೆಟ್ಟು ಕೆಂಪಗೆ ಇಳಿಯುತ್ತಿತ್ತಂತೆ. ಅಲ್ಲಿಂದ ಬಂದ ಮಾತು. ಈಗಿನವರು ಚಹಾ ಸಿಗದಿದ್ದರೂ, ಗೆಳೆಯ ಮೆಸೇಜು ಮಾಡದಿದ್ದರೂ ಅದನ್ನೇ ಅನ್ನುತ್ತಾರೆ. ನಾನು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ.

"ಇದಕ್ಕಿಂತ ಸಣ್ಣ ತಲಬಿಗೆ ಇನ್ನೊಂದು ಮಾತಿದೆ, ಸಿಯಾನ್" ಅಂದಳು ಹುಡುಗಿ. ತನ್ನ ಬೆರಳ ತುದಿ ಹಿಡಿದು, ಅದರಲ್ಲಿ ಏನೋ ಚುಚ್ಚಿಕೊಂಡಂತೆ ತೋರಿಸಿದಳು. ಕಟ್ಟಿಗೆಯ ಸಣ್ಣ ಚೂರು. ಅಂದರೆ ಸಿಬರು, ಅಂತ ಅತ್ತೆಗೆ ಹೇಳಿದೆ. ಕಣ್ಣಿಗೆ ಕಾಣುವುದಿಲ್ಲ, ಜೀವ ತೆಗೆಯುವುದಿಲ್ಲ, ಆದರೆ ಮನಸ್ಸು ಬೇರೆ ಎಲ್ಲೂ ಹೋಗಲು ಬಿಡುವುದಿಲ್ಲ.

ಅತ್ತೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ಹೌದು ನೋಡ್ರಿ ಅಳಿಯಾರ! ಅದ, ಅದ! ನಂಗ ಹಂಗ ಆಗೂದು. ತಂಬಾಕು ಬೇಕು ಅಂತಲ್ಲರಿ. ಎಲ್ಲೋ ಒಂದು ಸಿಬರು ಮುರದು ಕುಂತಂಗ. ಅದನ್ನ ತಗದ್ರ ಸಾಕು ಅನ್ನಸ್ತೈತಿ. ನಿಮ್ಮ ಮಾವ ಹೋದ ಮ್ಯಾಲೆ ಭಾಳ ಚುಚ್ಚಾಕತ್ತೈತಿ."

ನಲವತ್ತು ವರ್ಷದ ಚಟದ ಬಗ್ಗೆ ಅವರು ನನ್ನೆದುರು ಆಡಿದ ಮೊದಲ ನಿಜವಾದ ಮಾತು ಅದು. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಸರ್ಟಿಫಿಕೇಟು ನನ್ನದು, ಬಾಯಿ ಬಿಡಿಸಿದ್ದು ಬಂಡೆ ಹತ್ತುವ ಹುಡುಗಿ.

ಅವಳೂ ಸಿಗರೇಟು ಬಿಡಲು ಒದ್ದಾಡುತ್ತಿದ್ದಳಂತೆ. ಇಬ್ಬರೂ ನನ್ನ ಮುಂದೆಯೇ ಒಂದು ಒಪ್ಪಂದ ಮಾಡಿಕೊಂಡರು. ಯಾರಿಗೆ ತಲಬಾದರೂ "ಸಿಯಾನ್!" ಅಂತ ಕೂಗಬೇಕು. ಇನ್ನೊಬ್ಬರು ಎಲ್ಲಿದ್ದರೂ ಬಂದು, ಜಗಿಯಲು ಒಂದು ಚಿಟಿಕೆ ಸೋಂಪು, ನಮ್ಮ ಕಡೆಯ ಬಡೇಸೋಪು, ಕೊಟ್ಟು, ತಲಬು ಹಾದುಹೋಗುವ ತನಕ ಪಕ್ಕದಲ್ಲಿ ಕೂಡಬೇಕು. ಹತ್ತು ನಿಮಿಷ ತಡೆದರೆ ತಲಬಿನ ಜೋರು ಇಳಿಯುತ್ತದೆ ಅಂತ ನಾನೂ ನನ್ನ ಪಾಲಿನ ಜ್ಞಾನ ಸೇರಿಸಿದೆ. ಅತ್ತೆ ಎದ್ದು ಹೋಗಿ ದೇವರ ಜಗಲಿಯ ಸುಣ್ಣದ ಡಬ್ಬಿ, ಹಿಟ್ಟಿನ ಡಬ್ಬಿಯೊಳಗಿನ ತಂಬಾಕಿನ ಚೀಟು, ಗಡಿಯಾರದ ಹಿಂದಿನ ಇನ್ನೊಂದು ಚೀಟು, ನಾನು ಕನಸಿನಲ್ಲೂ ಊಹಿಸದ ಜಾಗಗಳಿಂದ ಎಲ್ಲ ತಂದು ಒಲೆಗೆ ಹಾಕಿದರು.

ನಾನು ಹೊರಡುವಾಗ ಹೇಳಿದರು: "ಅಳಿಯಾರ, ನಿಮ್ಮ ಖುರ್ಚಿ ಮ್ಯಾಲೆ ಈಕೀನ್ನ ಕುಂಡ್ರಸ್ರಿ. ನೀವು ಇಲ್ಲಿ ಬಂದು ರೊಟ್ಟಿ ತಟ್ರಿ."

ಕೊಪ್ಪಳದಲ್ಲಿ ಕೆಂಪು ಇಳಿದದ್ದು

ಹೊಸ ಮಾತು ಸಿಕ್ಕ ಹುರುಪು. ಸೋಮವಾರ ಬಂದ ಮೊದಲ ಮನುಷ್ಯ ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತ. ಎಲೆ, ಅಡಿಕೆ, ತಂಬಾಕು ಮೂರೂ ಸೇರಿ ಬಾಯಿ ತುಂಬಿತ್ತು. ನಾನು ಮುಂದೆ ಬಾಗಿ, ದನಿ ತಗ್ಗಿಸಿ, ಭಾವ ತುಂಬಿ ಕೇಳಿದೆ: "ಕೆಂಪು ಇಳಿಯಾಕತ್ತೈತೇನ್ರಿ?"

ಅವನ ಮುಖದಲ್ಲಿ ಎಂಥ ಕೃತಜ್ಞತೆ! ಬಾಯಿ ಮುಚ್ಚಿಕೊಂಡೇ ಜೋರಾಗಿ ತಲೆಯಾಡಿಸಿದ, ಎದ್ದ, ಕಿಟಕಿಯಿಂದ ಹೊರಗೆ ಬಾಗಿ ಪಿಚಕ್ ಅಂತ ಉಗುಳಿದ. ಹಗುರಾಗಿ ಬಂದು ಕೂತ.

"ಎಷ್ಟು ಹೊತ್ತಿಂದ ತಡದಿದ್ನೆಂತೀರಿ! ಕೇಳಿದವ್ರು ನೀವ ಮೊದಲಿಗರು ಸರ್."

ಕಿಟಕಿಯ ಕೆಳಗೆ ನನ್ನ ಬಿಳಿ ಸ್ಕೂಟರ್ ಇತ್ತು. ಅದಾದ ಮೇಲೆ ಆ ಮಾತನ್ನು ನಾನು ಯಾರ ಮೇಲೂ ಪ್ರಯೋಗಿಸಿಲ್ಲ.

ಸೂಜಿ

ಸಿಬರು ಮಾತ್ರ ಹಿಡಿಯಿತು. "ತಲಬು ಬಂದಾಗ ಸಿಬರು ಚುಚ್ಚಾಕತ್ತೈತಿ ಅಂದ್ಕೋರಿ, ಹತ್ತು ನಿಮಿಷ ಕೈ ಹಚ್ಚಬ್ಯಾಡ್ರಿ. ಆಗಲಿಲ್ಲಂದ್ರ ಸೀದಾ ನನ್ ಕಡಿ ಬರ್ರಿ" ಅಂತ ಎಲ್ಲರಿಗೂ ಹೇಳತೊಡಗಿದೆ. ಮಂದಿಗೆ ಥಟ್ಟನೆ ಅರ್ಥವಾಗುತ್ತಿತ್ತು.

ಕುಷ್ಟಗಿ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರ್, ದಿನಕ್ಕೆ ಹದಿನೈದು ಗುಟಕಾ ಚೀಟು ಹರಿಯುವ ಆಳು. ನಾನು ಊಟಕ್ಕೆ ಹೋದಾಗ ಓಡೋಡಿ ಬಂದಿದ್ದಾನೆ. ನನ್ನ ಪಕ್ಕದ ಕೋಣೆ ಗಾಯಕ್ಕೆ ಪಟ್ಟಿ ಕಟ್ಟುವುದು. ಅಲ್ಲಿನ ಸಿಸ್ಟರ್ ಮಾತು ಕಡಿಮೆ, ಕೈ ಚುರುಕು.

"ಸಿಸ್ಟರ್, ಸಿಬರು ಭಾಳ ಚುಚ್ಚಾಕತ್ತೈತ್ರಿ, ತಡಕೊಳ್ಳಾಕ ಆಗವಲ್ದು" ಅಂದಿದ್ದಾನೆ.

"ಎಲ್ಲಿ?"

"ಒಳಗರಿ, ಒಳಗ."

ಆಳವಾಗಿ ಹೊಕ್ಕಿರಬೇಕು ಅಂತ ಸಿಸ್ಟರ್ ಅವನನ್ನು ಗೋಡೆ ಕಡೆ ತಿರುಗಿಸಿ ಧನುರ್ವಾಯುವಿನ ಸೂಜಿ ಚುಚ್ಚಿ ಕಳಿಸಿದ್ದಾರೆ. ಮಾರನೆಯ ದಿನ ಸಿಕ್ಕಾಗ ಕುಂಡಿ ಒತ್ತಿಕೊಳ್ಳುತ್ತ ನಿಂತಿದ್ದ.

"ಸರ್, ಮೊದಲ ಹೇಳೂದಿಲ್ಲೇನ್ರಿ ಹಿಂಗ ಚುಚ್ತಾರಂತ? ಗುಟಕಾ ಚೀಟಿಗೆ ಕೈ ಹಾಕಿದ್ರ ಸಾಕು, ಸಿಸ್ಟರ್ ಮುಖ ಕಣ್ಮುಂದ ಬರ್ತೈತಿ."

ಅವನು ಗುಟಕಾ ಬಿಟ್ಟ. ಆ ತಿಂಗಳ ವರದಿಯಲ್ಲಿ 'ಸಮಾಲೋಚನೆಯಿಂದ ಗುಣಮುಖ' ಅಂತ ನಾನು ಬರೆದುಕೊಂಡೆ. ಸಿಸ್ಟರ್ ಈ ತನಕ ಆ ವರದಿ ಓದಿಲ್ಲ.

ಸಿಯಾ

ಇಪ್ಪತ್ತು ದಿನ ಕಳೆದು ಥಾಯ್ ಹುಡುಗಿ ಊರಿಗೆ ಹೊರಟಳು. ಎರಡು ಭರಣಿ ರಂಜಕ ಕಟ್ಟಿಸಿಕೊಂಡಳು, ಅತ್ತೆಯನ್ನು ತಬ್ಬಿಕೊಂಡು ಅತ್ತಳು. ನನಗೆ ಹೆದರಿಕೆ ಶುರುವಾಯಿತು. ತಂಬಾಕು ಒಲೆಗೆ ಹಾಕಿದ ದಿನದಿಂದ ಲೆಕ್ಕ ಹಿಡಿದರೆ ಎರಡು ತಿಂಗಳಿಗೆ ಇನ್ನೂ ನಲವತ್ತು ದಿನ ಬಾಕಿ. ಕೂಗಿದರೆ ಬರುವವರು ಯಾರು?

ಮುಂದಿನ ಭಾನುವಾರ ಹೋದಾಗ ಖಾನಾವಳಿ ಮುಂದೆ ಜನವೋ ಜನ. ನಡುವೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದಾರೆ, ಉತ್ತರ ಭಾರತದ ಯಾತ್ರಿಕರು ಸಾಲಾಗಿ ಬಂದು ಕಾಲಿಗೆ ಬೀಳುತ್ತಿದ್ದಾರೆ. ಅತ್ತೆ ಗಂಭೀರವಾಗಿ ಒಬ್ಬೊಬ್ಬರ ಅಂಗೈಗೂ ಒಂದು ಚಿಟಿಕೆ ಬಡೇಸೋಪು ಹಾಕುತ್ತಿದ್ದಾರೆ.

ನಡೆದದ್ದು ಇಷ್ಟೇ. ಹುಡುಗಿ ಹೋದ ಮಾರನೆಯ ದಿನ ಅತ್ತೆಗೆ ತಲಬಾಗಿದೆ. ಅಭ್ಯಾಸಬಲದಿಂದ ಬಾಗಿಲಿಗೆ ಬಂದು ಎರಡೂ ಕೈ ಮೇಲೆತ್ತಿ, ಬೆಟ್ಟದ ಕಡೆ ಮುಖ ಮಾಡಿ, ಗಂಟಲು ಹರಿಯುವಂತೆ "ಸಿಯಾ...ನ್!" ಅಂತ ಕೂಗಿದ್ದಾರೆ. ಆಗಷ್ಟೇ ಬೆಟ್ಟ ಇಳಿದು ಬಂದ ಯಾತ್ರಿಕರ ಬಸ್ಸೊಂದು ಅಲ್ಲಿ ನಿಂತಿತ್ತು. ಸಿಯಾ ಅಂದರೆ ಅವರಿಗೆ ಸೀತಮ್ಮ. ಐವತ್ತು ಜನ ಒಂದೇ ದನಿಯಲ್ಲಿ "ಸಿಯಾವರ್ ರಾಮಚಂದ್ರ ಕೀ ಜೈ!" ಅಂತ ಉತ್ತರ ಕೊಟ್ಟಿದ್ದಾರೆ. ಅಂಜನಾದ್ರಿಯ ಬುಡದಲ್ಲೇ ಕೂತು ಹೊತ್ತಲ್ಲದ ಹೊತ್ತಿನಲ್ಲಿ ಸೀತಮ್ಮನನ್ನು ಕರೆಯುವ ತಾಯಿ ಅಂತ ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿದೆ.

ನಾನು ಅತ್ತೆಯನ್ನು ಒಳಗೆ ಕರೆದುಕೊಂಡು ಹೋದೆ. "ಇದೇನ್ರಿ ಅತ್ತಿಯವ್ರ! ಅದು ತಲಬಿನ ಮಾತು ಅಂತ ಹೇಳಬಾರದೇನ್ರಿ ಅವರಿಗೆ?"

"ಯಾಕ ಹೇಳ್ಲಿ? ಆ ಹುಡುಗಿ ಹೋದ ಮ್ಯಾಲೆ ನಾ ಕೂಗಿದ್ರ ಯಾರು ಓ ಅಂತಾರ ಅಂತ ಎದಿ ಒಡದಿತ್ತು. ಈಗ ನೋಡ್ರಿ, ಒಂದ ಸಲ ಕೂಗಿದ್ರ ಐವತ್ತು ಮಂದಿ ಓ ಅಂತಾರ. ಅವರಿಗೆಲ್ಲಾ ಬಡೇಸೋಪು ಕೊಟ್ಟು ಮುಗಿಸೂದ್ರಾಗ ನನ್ನ ಸಿಬರು ಮಾಯ."

ತಂಬಾಕು ಬಿಡಿಸಲು ಇಷ್ಟು ದೊಡ್ಡ ಸಿಬ್ಬಂದಿ ಯಾವ ದವಾಖಾನೆಯಲ್ಲೂ ಇಲ್ಲ.

ಎರಡು ತಿಂಗಳು ತುಂಬಿದ ದಿನ

ಆ ದಿನ ನಾನೂ ಹೆಂಡತಿಯೂ ಅತ್ತೆಯನ್ನು ಕರೆದುಕೊಂಡು ದವಾಖಾನೆಗೆ ಬಂದೆವು. ಹಲ್ಲಿನ ಡಾಕ್ಟರಮ್ಮನ ಬಾಗಿಲ ಮುಂದೆ ಉದ್ದ ಸಾಲು. ಅತ್ತೆ ಬೆಂಚಿನ ಮೇಲೆ ಸೆರಗು ಹಿಂಡುತ್ತ ಕೂತಿದ್ದರು. ಹೆಂಡತಿ ನೀರು ತರಲು ಎದ್ದು ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ನಾನು ಅಳಿಯನಾದ ಹದಿನೆಂಟು ವರ್ಷದಲ್ಲಿ ಅದೇ ಮೊದಲು.

"ಮಚ್ಚಿ ಹೋಗಿರಲಿಲ್ಲಂದ್ರ, ಆಕೀಗ ಮೊದಲ ಹೇಳಬ್ಯಾಡ್ರಿ ಅಳಿಯಾರ. ನಂಗ ಹೇಳ್ರಿ."

ನನ್ನ ಕಸುಬೇ ಮಾತು ಅಂದೆನಲ್ಲ. ಆ ಹೊತ್ತಿಗೆ ಅದನ್ನು ಬದಿಗಿಟ್ಟು, ಅವರ ಕೈ ಮೇಲೆ ನನ್ನ ಇನ್ನೊಂದು ಕೈ ಇಟ್ಟೆ.

ಸ್ವಲ್ಪ ಹೊತ್ತಿಗೆ ಅತ್ತೆ ಕೂತಲ್ಲೇ ಚಡಪಡಿಸತೊಡಗಿದರು. "ಅಳಿಯಾರ, ಬಂತ್ರಿ. ಎರಡು ತಿಂಗಳದಾಗ ಇಷ್ಟು ಜೋರ ಎಂದೂ ಬಂದಿರಲಿಲ್ಲ. ಬಡೇಸೋಪು ಮನ್ಯಾಗ ಬಿಟ್ಟು ಬಂದೀನಿ."

"ಎಲ್ಲೂ ಹೋಗಬ್ಯಾಡ್ರಿ, ಎರಡ ನಿಮಿಷದಾಗ ತರ್ತೀನಿ" ಅಂತ ಹೇಳಿ ಎದುರಿನ ಅಂಗಡಿಗೆ ಓಡಿದೆ.

ಎರಡು ನಿಮಿಷ ಅತ್ತೆಗೆ ಹೆಚ್ಚಾಯಿತು. ಎದ್ದು ನಿಂತು ಇಡೀ ಕಾರಿಡಾರಿಗೆ ಕೇಳುವಂತೆ "ಸಿಬರು ಚುಚ್ಚಾಕತ್ತೈತ್ರೋ ಯಪ್ಪಾ! ಯಾರರೆ ಬರ್ರೋ!" ಅಂತ ಕೂಗಿದ್ದಾರೆ.

ಸಿಸ್ಟರ್ ಬಂದಿದ್ದಾರೆ.

ನಾನು ಬಡೇಸೋಪು ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅತ್ತೆ ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ವಯಸ್ಸಾದವರೆಂದು ಸಿಸ್ಟರ್ ಈ ಸಲ ತೋಳಿಗೇ ಚುಚ್ಚಿ ರಿಯಾಯಿತಿ ಕೊಟ್ಟಿದ್ದರು. ಅದೇ ಹೊತ್ತಿಗೆ ಒಳಗಿನಿಂದ ಅತ್ತೆಯ ಹೆಸರು ಕರೆದರು.

ಡಾಕ್ಟರಮ್ಮ ಟಾರ್ಚು ಹಾಕಿ ಎಡಗೆನ್ನೆ ಎಳೆದು ನೋಡಿದರು. ಬಲಗೆನ್ನೆ ನೋಡಿದರು. ಮತ್ತೆ ಎಡಗೆನ್ನೆಗೆ ಬಂದರು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದು ನಿಂತಿದ್ದಳು.

"ಅಮ್ಮಾ, ಮಚ್ಚಿ ಕರಗೇತ್ರಿ. ಗುರುತೂ ಉಳಿದಿಲ್ಲ. ಆದ್ರ ಮತ್ತ ಬಾಯಾಗ ತಂಬಾಕು ಇಡಬ್ಯಾಡ್ರಿ, ಮೂರು ತಿಂಗಳಿಗೊಮ್ಮೆ ಬಂದು ತೋರಸ್ರಿ."

ಹೆಂಡತಿ ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತುಬಿಟ್ಟೆ. ಹೇಳಲು ನಾಚಿಕೆಯೇನಿಲ್ಲ.

"ಹೆಂಗ ಬಿಟ್ರಿ?" ಅಂತ ಡಾಕ್ಟರಮ್ಮ ಕೇಳಿದರು. ನಾನು ಕಣ್ಣೊರೆಸಿಕೊಂಡು, ಕಾಲರ್ ಸರಿ ಮಾಡಿಕೊಂಡು, ಅಳಿಯನ ಸಮಾಲೋಚನೆ ಅನ್ನುವ ಮಾತಿಗೆ ತಯಾರಾಗಿ ನಿಂತೆ.

ಅತ್ತೆ ತೋಳು ತೋರಿಸಿದರು. "ಸೂಜಿರಿ! ಹೊರಗ ಆ ಸಿಸ್ಟರ್ ಒಂದು ಸೂಜಿ ಚುಚ್ಚಿದ್ರು ನೋಡ್ರಿ, ಹತ್ತು ನಿಮಿಷದಾಗ ಮಚ್ಚಿ ಮಾಯ!"

ಎರಡು ತಿಂಗಳ ಒದ್ದಾಟ, ಥಾಯ್ ಹುಡುಗಿಯ ಮಾತು, ಐವತ್ತು ಯಾತ್ರಿಕರ ಜೈಕಾರ, ನನ್ನ ಹಣೆಯ ಸುಣ್ಣ, ಎಲ್ಲವನ್ನೂ ಸಿಸ್ಟರ್ ಒಂದೇ ಸೂಜಿಯಲ್ಲಿ ಹೊಡೆದುಕೊಂಡು ಹೋದರು. ಊರಿಗೆ ಹೋಗುವ ಬಸ್ಸಿನಲ್ಲೂ ಅತ್ತೆ ಪಕ್ಕದ ಸೀಟಿನವಳಿಗೆ ತೋಳು ತೋರಿಸುತ್ತಲೇ ಹೋದರು.

ಮೂರು ದಿನ ಕಳೆದಿರಬೇಕು. ನಾನು ಬಾಗಿಲ ಬೋರ್ಡಿನ ದೂಳು ಒರೆಸುತ್ತಿದ್ದೆ. ಗೇಟಿನಲ್ಲಿ ವಾಚ್‌ಮನ್ ದನಿ ಕೇಳಿತು: "ತಂಬಾಕೇನ್ರಿ? ಎಡಕ್ಕ ಮೂರನೇ ರೂಮು." ತಿರುಗಿ ನೋಡಿದರೆ ಹನುಮನಹಳ್ಳಿಯ ಒಂಬತ್ತು ಜನ ಹೆಂಗಸರು, ಎಲ್ಲರ ಎ‌ಡಗೆನ್ನೆಯೂ ಉಬ್ಬಿದೆ, ಎಲ್ಲರ ಕುಪ್ಪಸದ ತೋಳೂ ಮೇಲಕ್ಕೆ ಮಡಿಚಿದೆ. ಮುಂದೆ ಅತ್ತೆ.

"ಸೂಜಿ ಎಲ್ಲಿ ಚುಚ್ತಾರ್ರಿ?" ಅಂದಳು ಒಬ್ಬಾಕೆ.

ನಾನು ಅತ್ತೆಯನ್ನು ಪಕ್ಕಕ್ಕೆ ಕರೆದು ಗೋಗರೆದೆ. "ಅತ್ತಿಯವ್ರ, ಅದು ಧನುರ್ವಾಯುವಿನ ಸೂಜಿರಿ! ಮಚ್ಚಿ ಹೋಗಿದ್ದು ನೀವು ಎರಡು ತಿಂಗಳು ಬಿಟ್ಟಿದ್ದಕ್ಕ. ಸೂಜಿಗೂ ತಂಬಾಕಿಗೂ ಏನೂ ಸಂಬಂಧ ಇಲ್ಲ."

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದರು.

"ನಂಗೇನು ಅಷ್ಟೂ ತಿಳಿಯಂಗಿಲ್ಲೇನ್ರಿ? ನಮ್ಮ ಅಳಿಯಾರು ಮಾತು ಹೇಳ್ತಾರ ಬರ್ರಿ ಅಂದಿದ್ರ ಒಬ್ಬಾಕಿ ಬರ್ತಿದ್ದಿಲ್ಲ. ಸೂಜಿ ಅಂದೆ, ಒಂಬತ್ತು ಮಂದಿ ಬಸ್ ಹತ್ತಿದ್ರು. ನನ್ನ ಕೆಲಸ ಆತು. ಇನ್ನ ಬಾಗಲಾ ಹಾಕ್ರಿ, ನಿಮ್ಮ ಮಾತಿಲೆ ಚುಚ್ರಿ."